ಅಪ್‌ಡೇಟ್: ತಾಮ್ರ ಹಿಡಿದ ಲೈವ್ ರಾಕ್ ಕೊನೆಗೂ ಉಳಿಯಿತು

40 ದಿನದ ಹಿಂದೆ ಕೇಳಿದ್ದೆನಲ್ಲ, ಮೀನಿನ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕಿದ್ದ ಉಪ್ಪುನೀರಿನ ಟ್ಯಾಂಕಿನ 8 ಕೆಜಿ ಲೈವ್ ರಾಕನ್ನು (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿರುವ ಕಲ್ಲು) ಹವಳದ ಟ್ಯಾಂಕಿಗೆ ಹಾಕಬಹುದಾ ಅಂತ. ಕಲ್ಲು ಹೀರಿಕೊಂಡ ತಾಮ್ರ ಹವಳಕ್ಕೆ ವಿಷ, ಅದೇ ತೊಂದರೆ.

ಕಲ್ಲನ್ನು ಬ್ಲೀಚ್‌ನಲ್ಲಿ ನೆನೆಸು ಅನ್ನೋ ಸಲಹೆ ಕೈಕೊಟ್ಟಿತು. ಅದು ಜೀವಿಗಳನ್ನು ಕೊಲ್ಲುತ್ತದೆ ಅಷ್ಟೇ, ತಾಮ್ರ ಅಲ್ಲೇ ಇರುತ್ತದೆ. ಸುಮ್ನೆ ಆರ್‌ಒ ನೀರಲ್ಲಿ ನೆನೆಹಾಕಿದಾಗ ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿತು. ಖುಷಿಪಟ್ಟೆ. ಉಪ್ಪುನೀರಿಗೆ ಹಾಕಿದ ನಾಲ್ಕೇ ದಿನಕ್ಕೆ ಕಿಟ್ ಬಣ್ಣ ತಿರುಗಿ ಮತ್ತೆ ತಾಮ್ರ ತೋರಿಸಿತು!

ಕೆಲಸ ಮಾಡಿದ್ದು ವಿನಿಗರ್. ನೀರು ಬೆರೆಸಿದ ವಿನಿಗರ್‌ನಲ್ಲಿ ಒಂದು ದಿನ ಇಟ್ಟೆ. ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ವಾ, ಬುಸುಬುಸು ನೊರೆ ಬಂದು ಮೇಲ್ಪದರ ಕರಗಿತು, ಅದಕ್ಕೆ ಅಂಟಿದ್ದ ತಾಮ್ರವೂ ಹೋಯಿತು. ಚೆನ್ನಾಗಿ ತೊಳೆದು, ಮೂರು ವಾರ ಬಕೆಟ್ಟಿನ ಉಪ್ಪುನೀರಲ್ಲಿ ಪಂಪ್ ಮತ್ತು ತಾಮ್ರ ಹೀರುವ ರೆಸಿನ್ ಜೊತೆ ಬಿಟ್ಟೆ. ವಾರಕ್ಕೊಮ್ಮೆ ನೀರು ಬದಲು. ಮೊದಲ ರೆಸಿನ್ ತಾಮ್ರ ಹೀರಿ ನೀಲಿಯಾಯಿತು, ಕೊನೆಯದು ಆಗಲಿಲ್ಲ.

ಕಿಟ್ ಮೇಲೆ ನಂಬಿಕೆ ಹೋಗಿತ್ತು, ಅದಕ್ಕೆ ಎರಡು ಬಸವನಹುಳು ಬಿಟ್ಟು ನೋಡಿದೆ (ಪಾಪ, ಅವಕ್ಕೆ ಸ್ವಲ್ಪ ತಾಮ್ರವೂ ವಿಷ). ಹತ್ತು ದಿನವಾಯಿತು, ಆರಾಮಾಗಿ ಓಡಾಡುತ್ತಿವೆ.

ಒಂದು ವಿಷಯ ಹೊಳೆದೇ ಇರಲಿಲ್ಲ: ಇಷ್ಟೆಲ್ಲ ಮಾಡಿದ ಮೇಲೆ ಅದು 'ಲೈವ್' ರಾಕ್ ಅಲ್ಲ, ಬರೀ ಕಲ್ಲು. ಬ್ಯಾಕ್ಟೀರಿಯಾ ಎಲ್ಲ ಸತ್ತಿದೆ. ಈಗ ಅಮೋನಿಯಾ ಹಾಕಿ ಸೈಕಲ್ (ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ) ಮೊದಲಿಂದ ಶುರು ಮಾಡಿದ್ದೇನೆ.