ಕೊರೆಯುವ ಚಳಿಯಲ್ಲಿ ರಬ್ಬರ್ ಬೆರೆತ ಡಾಂಬರು ರಸ್ತೆ ಎಷ್ಟು ತಾಳುತ್ತದೆ?

ಪ್ರಶ್ನೆ:
ಹಳೆಯ ಟೈರುಗಳ ಪುಡಿ ಬೆರೆಸಿದ ಡಾಂಬರು ಬಿಸಿಲಿಗೆ ಬೇಗ ಮೆತ್ತಗಾಗುವುದಿಲ್ಲ, ಅದರ ಮೇಲೆ ಗಾಲಿಯ ಜಾಡೂ ಸುಲಭವಾಗಿ ಮೂಡುವುದಿಲ್ಲ ಎಂದು ಓದಿದ್ದೇನೆ. ಆದರೆ ಉಷ್ಣಾಂಶವು ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವ ಕಡೆ ಇದು ಬಾಳಿಕೆ ಬರುತ್ತದೆಯೇ? ಚಳಿಗೆ ರಬ್ಬರೂ ಗಡುಸಾಗುವುದಿಲ್ಲವೇ?

ಉತ್ತರ 1:
ಗಡುಸಾಗುತ್ತದೆ, ಆದರೆ ಡಾಂಬರಿಗಿಂತ ಬಹಳ ತಡವಾಗಿ. ಚಳಿಗೆ ಕುಗ್ಗಲು ಹವಣಿಸುವ ರಸ್ತೆಯನ್ನು ಕೆಳಗಿನ ಪದರ ಬಿಗಿಹಿಡಿಯುವುದರಿಂದ ಎಳೆತ ಹೆಚ್ಚಿ, ಅಡ್ಡಡ್ಡಲಾಗಿ ಬಿರುಕು ಬಿಡುತ್ತದೆ. ರಬ್ಬರಿನ ಕಣಗಳು ಈ ಎಳೆತವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೆ ಬಿಸಿ ಡಾಂಬರಿನಲ್ಲಿ ಕುದಿಸುವಾಗ ರಬ್ಬರು ಅದರ ಹಗುರ ಎಣ್ಣೆಯಂಶವನ್ನು ಹೀರಿ ಉಬ್ಬುತ್ತದೆ, ಉಳಿದ ಡಾಂಬರು ಗಟ್ಟಿಯಾಗುತ್ತದೆ. ಆದ್ದರಿಂದ ಚಳಿನಾಡಿನಲ್ಲಿ ಮೊದಲಿಗೇ ಮೆದು ದರ್ಜೆಯ ಡಾಂಬರನ್ನು ಆರಿಸಬೇಕು. ಬಿಸಿಲುನಾಡಿನ ಮಿಶ್ರಣವನ್ನು ಹಾಗೆಯೇ ತಂದು ಸುರಿದರೆ ರಬ್ಬರ್ ಇದ್ದೂ ಪ್ರಯೋಜನವಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೂ ನಾನು ಕಂಡ ಮಟ್ಟಿಗೆ ರಸ್ತೆ ಹಾಳಾಗುವುದು ರೋಲರ್ ಓಡುವ ಹೊತ್ತಿನಲ್ಲಿ. ರಬ್ಬರ್ ಮಿಶ್ರಣ ಜಿಗುಟು. ಬಿಸಿ ಇರುವಾಗಲೇ ಒತ್ತದಿದ್ದರೆ ಮತ್ತೆಷ್ಟು ಸಲ ಉರುಳಿಸಿದರೂ ಅಡಕವಾಗುವುದಿಲ್ಲ. ಒಮ್ಮೆ ಚಳಿಗಾಲದ ಹೊಸ್ತಿಲಲ್ಲಿ, ಗಾಳಿ ಬೀಸುತ್ತಿದ್ದ ಸಂಜೆ, ಎರಡು ಪಟ್ಟಿಗಳು ಕೂಡುವ ಜಾಯಿಂಟಿನ ಬಳಿ ನಾವು ಆತುರಪಟ್ಟೆವು. ಹಿಮ ಕರಗಿದ ಮೇಲೆ ಅಲ್ಲಿಂದ ಕೊರೆದು ತೆಗೆದ ತುಂಡು ಕೈಯಲ್ಲೇ ಪುಡಿಯಾಯಿತು, ಕೆಲವು ಅಡಿ ಆಚೆಯದು ಗಟ್ಟಿಯಾಗಿಯೇ ಇತ್ತು. ಒಳಸೇರಿದ ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗಿ ಜಲ್ಲಿಯನ್ನು ಸಡಿಲಿಸುತ್ತದೆ. ಆ ನೀರಿಗೆ ದಾರಿ ಬಿಟ್ಟವರು ನಾವೇ.

ಉತ್ತರ 3:
ಯಾವ ವಿಧಾನ ಎಂಬುದನ್ನೂ ಕೇಳಿಕೊಳ್ಳಿ. 1960ರ ದಶಕದಲ್ಲಿ ಅರಿಜೋನಾದಲ್ಲಿ ಬೆಳೆದ 'ಒದ್ದೆ' ವಿಧಾನದಲ್ಲಿ ರಬ್ಬರನ್ನು ಡಾಂಬರಿನಲ್ಲೇ ಕುದಿಸುತ್ತಾರೆ. ಅದೇ ದಶಕದಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ 'ಒಣ' ವಿಧಾನದಲ್ಲಿ ದಪ್ಪ ಕಣಗಳನ್ನು ಜಲ್ಲಿಯ ಒಂದಂಶದ ಬದಲಿಗೆ ಹಾಕುತ್ತಾರೆ. ವಾಹನದ ಭಾರಕ್ಕೆ ಆ ಕಣಗಳು ಕುಗ್ಗಿ ಚಿಮ್ಮುವಾಗ ಮೇಲಿನ ತೆಳು ಮಂಜುಗಡ್ಡೆ ಒಡೆಯಲಿ ಎಂಬುದು ಆಶಯ. ಅಲಾಸ್ಕಾದಲ್ಲಿಯೂ ಇದನ್ನು ಪ್ರಯೋಗಿಸಿದರು. ಆದರೆ ಚಿಮ್ಮುವ ಅದೇ ಗುಣ ರೋಲರ್ ಸರಿದ ಮೇಲೂ ಮಿಶ್ರಣವನ್ನು ಸಡಿಲಿಸಬಲ್ಲದು, ಜಲ್ಲಿ ಕಿತ್ತುಬರುವ ತೊಂದರೆಗೂ ಅದು ಕಾರಣವಾದೀತು. ನನಗಂತೂ ಒದ್ದೆ ವಿಧಾನವೇ ವಾಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಈಗಾಗಲೇ ಬಿರುಕುಬಿಟ್ಟ ರಸ್ತೆಯ ಮೇಲೆ ಹೊಸ ಪದರ ಹಾಕಿದರೆ?

ಉತ್ತರ 1:
ಹಳೆಯ ಬಿರುಕು ಮೇಲೇರುವುದು ತಡವಾಗುತ್ತದೆ, ತಪ್ಪುವುದಿಲ್ಲ. ಮೊದಲು ಅದನ್ನು ಶುಚಿಮಾಡಿ ಮುಚ್ಚಿಸಿ.