ಹಳೇ ಟ್ರ್ಯಾಕರ್‌ಗಳ ನೆನಪು: ಅದು ಸಾಫ್ಟ್‌ವೇರ್‌ನ ಗುಣವಾ, ನಮ್ಮ ವಯಸ್ಸಿನದಾ?

ಹಳೇ ಫ್ಲಾಪಿ:
ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಒಂದು ಡಬ್ಬದಲ್ಲಿ ಹನ್ನೊಂದು ಫ್ಲಾಪಿ ಸಿಕ್ಕವು. 1998ರಲ್ಲಿ ಮೈಸೂರಿನ ಹಾಸ್ಟೆಲ್‌ನಲ್ಲಿ ಫಾಸ್ಟ್‌ಟ್ರ್ಯಾಕರ್ 2 ಅನ್ನೋ ಟ್ರ್ಯಾಕರ್ ಹಾಕಿಕೊಂಡು ನಾನು ಮಾಡಿದ ಹಾಡುಗಳು. ಒಂಬತ್ತಕ್ಕೆ ಬೂಷ್ಟು ಹಿಡಿದಿತ್ತು. ಎರಡು ಓದಿದವು. ಅದರಲ್ಲಿದ್ದ ಎಕ್ಸ್‌ಎಂ ಫೈಲ್‌ಗಳನ್ನು (ಫಾಸ್ಟ್‌ಟ್ರ್ಯಾಕರ್ 2ರ ಹಾಡಿನ ಫೈಲ್) ಓಪನ್‌ಎಂಪಿಟಿ ಅನ್ನೋ ಇಂದಿನ ಟ್ರ್ಯಾಕರ್‌ನಲ್ಲಿ ತೆರೆದೆ. ಅಂದು ಕೇಳಿಸಿದ ಹಾಗೇ ಕೇಳಿಸಿತು. ಕಣ್ಣಲ್ಲಿ ನೀರು ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟ್ರ್ಯಾಕರ್ ಅಂದರೆ ಹಾಡು ಮಾಡುವ ಸಾಫ್ಟ್‌ವೇರ್. ಅದರಲ್ಲಿ ಸ್ವರಗಳು ಪರದೆ ಮೇಲೆ ಅಕ್ಷರ, ಅಂಕಿಗಳಾಗಿ ಸಾಲುಸಾಲಾಗಿ ಇರುತ್ತವೆ. ಯಾವ ಸ್ವರ, ಯಾವ ವಾದ್ಯ, ಎಷ್ಟು ಜೋರು, ಯಾವ ಎಫೆಕ್ಟ್, ಎಲ್ಲ ಒಂದೇ ಸಾಲಿನಲ್ಲಿ. ಹಾಡು ಓಡುವಾಗ ಸಾಲುಗಳು ಮೇಲಕ್ಕೆ ಸರಿಯುತ್ತವೆ. ಇದರ ಮೂಲ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್. ಅಮಿಗಾದ ಪೌಲಾ ಅನ್ನೋ ಧ್ವನಿ ಚಿಪ್‌ನಲ್ಲಿ ನಾಲ್ಕೇ ಚಾನೆಲ್, ಅಂದರೆ ಒಟ್ಟಿಗೆ ನಾಲ್ಕೇ ಧ್ವನಿ. ಹಾಗಾಗಿ ಹಾಡಿಗೂ ನಾಲ್ಕೇ. ಸ್ವೀಡನ್ನಿನ ಟ್ರೈಟನ್ ತಂಡದ ಹುಡುಗರು 1994ರಲ್ಲಿ ಪಿಸಿಯ ಡಾಸ್‌ಗೆ ಫಾಸ್ಟ್‌ಟ್ರ್ಯಾಕರ್ 2 ತಂದಾಗ ಅದು 32 ಆಯಿತು.

ಇವತ್ತಿನ ಯಾವ ಸಾಫ್ಟ್‌ವೇರ್‌ನಲ್ಲೂ ನನಗೆ ಆ ಸುಖ ಸಿಕ್ಕಿಲ್ಲ. ನಿಮಗೆ?

ರಿದಂ ಪ್ಯಾಡ್:
ಅಣ್ಣ, ಬೇಜಾರು ಮಾಡ್ಕೋಬೇಡಿ. ಅದು ಹಾಸ್ಟೆಲ್‌ನ ಸುಖ, ಸಾಫ್ಟ್‌ವೇರ್‌ದಲ್ಲ. ನಾನು 2002ರಲ್ಲಿ ದಾವಣಗೆರೆಯ ಸೈಬರ್ ಕೆಫೆಯಲ್ಲಿ ಗಂಟೆಗೆ 25 ರೂಪಾಯಿ ಕೊಟ್ಟು ಫ್ರೂಟಿಲೂಪ್ಸ್ ಅನ್ನೋ ಹಾಡು ಮಾಡುವ ಸಾಫ್ಟ್‌ವೇರ್ ಕಲಿತವನು. ಅದರ ಹೆಸರು ಎಫ್‌ಎಲ್ ಸ್ಟುಡಿಯೋ ಆಗಿದ್ದು 2003ರಲ್ಲಿ. ಆ ಕೆಫೆಯಲ್ಲಿ ಹೆಡ್‌ಫೋನ್‌ನ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಮಾಡಿದ್ದನ್ನು ಸೇವ್ ಮಾಡಿ ಹೋದರೆ ಮರುದಿನ ಯಾರೋ ಅಳಿಸಿರುತ್ತಿದ್ದರು. ಆ ದಿನಗಳನ್ನು ನಾನು ಪ್ರೀತಿಸುತ್ತೇನೆ, ಆದರೆ ವಾಪಸ್ ಬೇಡ.

ಇವತ್ತು ನನ್ನ ಹತ್ತಿರ ಕಲಿಯೋಕೆ ಬರುವ ಹುಡುಗರು ಫೋನಿನಲ್ಲೇ ಪೂರ್ತಿ ಹಾಡು ಮಾಡುತ್ತಾರೆ. ಕೂಲಿ ಮಾಡುವವರ ಮಕ್ಕಳೂ ಇದ್ದಾರೆ. 1998ರಲ್ಲಿ ಎಷ್ಟು ಮನೆಯಲ್ಲಿ ಕಂಪ್ಯೂಟರ್ ಇತ್ತು ಹೇಳಿ? ಆ ನಾಲ್ಕು ಚಾನೆಲ್‌ನಲ್ಲೇ ಸುಖ ಇತ್ತು ಅಂತ ಈಗ ಅನ್ನಿಸಬಹುದು. ಆಗ ಐದನೆಯದು ಕೊಟ್ಟಿದ್ದರೆ ಬೇಡ ಅಂತಿದ್ರಾ?

ಹ್ಯಾಂಬರ್ಗ್ ಕನ್ನಡಿಗ:
ಈಗ ಫೋನಿದ್ದರೆ ಯಾರು ಬೇಕಾದರೂ ಹಾಡು ಮಾಡಬಹುದು ಅನ್ನೋ ರಿದಂ ಪ್ಯಾಡ್ ಮಾತು ಒಪ್ಪುತ್ತೇನೆ, ಸುಖ ಸಾಫ್ಟ್‌ವೇರ್‌ದಲ್ಲ ಅನ್ನೋದು ಒಪ್ಪೋದಿಲ್ಲ. ಇಲ್ಲಿ ನನ್ನ ಗೆಳೆಯರೊಬ್ಬರು ಈಗಲೂ ಅಟಾರಿ ಎಸ್‌ಟಿ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. 1985ರ ಯಂತ್ರ, ಮಿಡಿ ಪೋರ್ಟ್ (ಎಲೆಕ್ಟ್ರಾನಿಕ್ ವಾದ್ಯಗಳನ್ನು ಜೋಡಿಸುವ ಕಿಂಡಿ) ಅದರ ಮೈಯಲ್ಲೇ ಇದೆ. ಇದೇ ಊರಿನ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಕ್ಯೂಬೇಸ್ ಅನ್ನೋ ಸಂಗೀತ ಸಾಫ್ಟ್‌ವೇರ್ ಮಾಡಿದ್ದು ಆ ಯಂತ್ರಕ್ಕೇ. ಗೆಳೆಯರು ಅದನ್ನು ಆನ್ ಮಾಡಿದರೆ ಡ್ರಮ್ ಪೆಟ್ಟು ಕೂದಲೆಳೆಯಷ್ಟೂ ಆಚೀಚೆ ಆಗೋದಿಲ್ಲ. ಆ ಯಂತ್ರಕ್ಕೆ ಆಗ ಬೇರೆ ಕೆಲಸವೇ ಇಲ್ಲ, ಅದಕ್ಕೆ. ಅವರ ಸ್ಟುಡಿಯೋದಲ್ಲಿ ಕೂತು ಇದನ್ನು ಕೇಳಿದಾಗ ನನಗೆ ಐವತ್ತು ದಾಟಿತ್ತು. ನನ್ನ ಹರೆಯದ ನೆನಪು ಅದರಲ್ಲಿ ಏನೂ ಇರಲಿಲ್ಲ.

ವೀಣೆ ತಂತಿ:
ನಾನು ವೀಣೆ ಪಾಠ ಹೇಳುವವಳು. ಕಂಪ್ಯೂಟರ್ ಸಂಗೀತದ ಮೇಲೆ ನನಗೊಂದು ಹಳೇ ಸಿಟ್ಟಿದೆ. ಇವೆಲ್ಲ ಹಾರ್ಮೋನಿಯಂ ಮನೆ (ಕೀ) ಇದ್ದ ಹಾಗೆ, ಸ್ವರ ನಿಂತಲ್ಲೇ ನಿಲ್ಲುತ್ತದೆ. ತೋಡಿ ರಾಗದ ಗಾಂಧಾರ ನಿಲ್ಲುವ ಸ್ವರವೇ ಅಲ್ಲ, ತೂಗುವ ಸ್ವರ. ಮಿಡಿಯಲ್ಲಿ ಪಿಚ್ ಬೆಂಡ್ (ಸ್ವರವನ್ನು ಬಗ್ಗಿಸೋದು) ಇದೆ ಅಂತ ಶಿಷ್ಯನೊಬ್ಬ ತೋರಿಸಿದ. ಆದರೆ ಒಂದು ಸ್ವರ ಬಗ್ಗಿಸಿದರೆ ಆ ಚಾನೆಲ್‌ನಲ್ಲಿ ನುಡಿಯುತ್ತಿರುವ ಎಲ್ಲ ಸ್ವರವೂ ಬಗ್ಗುತ್ತದೆ. ತಾಳದ ತಂತಿಯೂ ಜೊತೆಗೇ ಜಾರಿದರೆ ಅದು ವೀಣೆಯಾ? ಹಳೇ ಸಾಫ್ಟ್‌ವೇರ್‌ನಲ್ಲಿ ಇದಕ್ಕೇನಾದರೂ ದಾರಿ ಇತ್ತಾ?

ಹಳೇ ಫ್ಲಾಪಿ:
ಅಮ್ಮ, ಇತ್ತು! ನಾನು ಟ್ರ್ಯಾಕರ್‌ಗೆ ಅಂಟಿಕೊಂಡಿದ್ದೇ ಅದಕ್ಕೆ.

ಟ್ರ್ಯಾಕರ್‌ನಲ್ಲಿ ಒಂದು ಚಾನೆಲ್‌ಗೆ ಒಂದೇ ಸ್ವರ. ಅಂದರೆ ಒಂದು ತಂತಿ ಇದ್ದ ಹಾಗೆ. ಬಗ್ಗಿಸಿದರೆ ಅದೊಂದೇ ಬಗ್ಗುತ್ತದೆ. ಮೊದಲು ನಾನು 4ನೇ ಎಫೆಕ್ಟ್ ಹಾಕಿ ನೋಡಿದೆ, ಸ್ವರವನ್ನು ನಡುಗಿಸೋದು. ಆಂಬುಲೆನ್ಸ್ ಥರ ಒಂದೇ ಸಮ ಕೂಗಿತು. ಆಮೇಲೆ 3ನೇ ಎಫೆಕ್ಟ್ ಹಿಡಿದೆ. ಇದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ಯಾವ ಸ್ವರಕ್ಕೆ, ಎಷ್ಟು ಬೇಗ ಅಂತ ಸಾಲುಸಾಲಿಗೂ ಬರೆಯಬೇಕು. ಹತ್ತುವಾಗ ನಿಧಾನ, ಇಳಿಯುವಾಗ ಬೇಗ, ಮಧ್ಯೆ ಒಂಚೂರು ತಡೆ. ಒಂದು ಗಾಂಧಾರಕ್ಕೆ ಹನ್ನೆರಡು ಸಾಲು ಬರೆದೆ. ಮಾಮೂಲಿ ವೇಗದಲ್ಲಿ ಒಂದು ಸಾಲು 0.12 ಸೆಕೆಂಡ್, ಗಮಕಕ್ಕೆ, ಅಂದರೆ ಸ್ವರದ ತೂಗಾಟಕ್ಕೆ, ಅದು ಜಾಸ್ತಿ ಆಯಿತು. ಅದನ್ನು ಅರ್ಧಕ್ಕೆ ಇಳಿಸಿದೆ.

ತಾಳವೂ ಕೈಗೆ ಬಂತು. ಹಾಡಿನ ಒಂದು ತುಂಡಿಗೆ ಪ್ಯಾಟರ್ನ್ ಅಂತಾರೆ, ಮಾಮೂಲಿಯಾಗಿ ಅದು 64 ಸಾಲು. ಒಂದು ಅಕ್ಷರಕ್ಕೆ ಎಂಟೆಂಟು ಸಾಲಿನಂತೆ ಎಂಟು ಅಕ್ಷರದ ಆದಿತಾಳದ ಒಂದು ಆವರ್ತ ಸರಿಯಾಗಿ ಕೂರುತ್ತದೆ. ಏಳರ ಮಿಶ್ರಚಾಪು ಬೇಕೆಂದರೆ ಪ್ಯಾಟರ್ನ್ ಉದ್ದ 56 ಅಂತ ಕೊಟ್ಟರೆ ಆಯಿತು, ಫಾಸ್ಟ್‌ಟ್ರ್ಯಾಕರ್ 2ರಲ್ಲಿ 256ರವರೆಗೆ ಎಷ್ಟು ಬೇಕಾದರೂ ಇಡಬಹುದು. ‘ಇದು ನಾಲ್ಕಕ್ಕೆ ನಾಲ್ಕಲ್ವಾ?’ ಅಂತ ಅದು ಯಾವತ್ತೂ ಕೇಳಲಿಲ್ಲ.

ಬೀಟ್ ಹುಡುಗಿ:
ನನಗೆ 19 ವರ್ಷ, ನನಗೆ ಹಳೇ ನೆನಪು ಇರೋಕೆ ಸಾಧ್ಯವೇ ಇಲ್ಲ. ಆದರೂ ಎಫ್‌ಟಿ2 ಕ್ಲೋನ್ (ಫಾಸ್ಟ್‌ಟ್ರ್ಯಾಕರ್ 2ರ ಇಂದಿನ ನಕಲು) ಹಾಕಿಕೊಂಡು ದಿನಾ ಕೂರುತ್ತೇನೆ. ಕಾರಣ ಒಂದೇ. ಬೇರೆಯವರ ಹಾಡನ್ನು ತೆರೆದರೆ ಒಳಗಡೆ ಎಲ್ಲ ಕಾಣುತ್ತದೆ. ಸ್ಯಾಂಪಲ್‌ಗಳು, ಅಂದರೆ ವಾದ್ಯದ ಧ್ವನಿ ತುಣುಕುಗಳು, ಫೈಲಿನೊಳಗೇ ಇರುತ್ತವೆ. ಒಂದೇ ಚಾನೆಲ್‌ನಲ್ಲಿ ಮೂರು ಸ್ವರ ಪಟಪಟ ಬದಲಾಯಿಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಕೇಳಿಸೋ ಹಾಗೆ ಮಾಡೋದು ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ. ನನಗಿಂತ ಹಳೇ ಒಂದು ಮಾಡ್ ಫೈಲ್ (ಅಮಿಗಾ ಟ್ರ್ಯಾಕರ್‌ನ ಹಾಡಿನ ಫೈಲ್) ನೋಡಿ ಕಲಿತೆ. ಇವತ್ತಿನ ಹಾಡು ಎಂಪಿ3 ಆಗಿ ಬರುತ್ತದೆ. ಕೇಳಬಹುದು, ಬಿಚ್ಚಿ ನೋಡೋಕೆ ಆಗೋದಿಲ್ಲ.

ರಿದಂ ಪ್ಯಾಡ್:
ಈ ಮಾತು ನನಗೆ ನಾಟಿತು. ಸಂಜೆ ನನ್ನ 2006ರ ಪ್ರಾಜೆಕ್ಟ್ ಒಂದನ್ನು ತೆರೆದೆ. ಫೈಲ್ ತೆರೆಯಿತು. ಡ್ರಮ್ ಇದೆ. ಆದರೆ ಕೊಳಲು ಬಂದಿದ್ದು ಬೇರೆಯವರ ಪ್ಲಗಿನ್‌ನಿಂದ, ಅಂದರೆ ಹೊರಗಿನಿಂದ ಸೇರಿಸುವ ಸಾಫ್ಟ್‌ವೇರ್‌ನಿಂದ. ಅದು ಹಳೇ 32 ಬಿಟ್ ಕಂಪ್ಯೂಟರ್‌ಗಳ ಕಾಲದ್ದು, ಮಾಡಿದವರೇ ಈಗ ಇಲ್ಲ. ಕೊಳಲಿನ ಜಾಗದಲ್ಲಿ ಮೌನ. ಅದು ತೀರಿಹೋದ ನನ್ನ ಗೆಳೆಯನ ಜೊತೆ ಕೂತು ಮಾಡಿದ ಹಾಡು.

ಆದರೂ ಒಂದು ಹೇಳುತ್ತೇನೆ. ಇದಕ್ಕೆ ಹಳೇದು, ಹೊಸದು ಅನ್ನೋದು ಕಾರಣ ಅಲ್ಲ. ಹಾಡು ಜೋಡಿಸುವ ಹಳೇ ಸಾಫ್ಟ್‌ವೇರ್‌ಗಳಲ್ಲೂ (ಸೀಕ್ವೆನ್ಸರ್) ಎಷ್ಟೋ ಸತ್ತಿವೆ. ಡಾಸ್ ಕಾಲದಿಂದ ಇದ್ದ ಕೇಕ್‌ವಾಕ್ 2017ರಲ್ಲಿ ನಿಂತೇಹೋಗಿತ್ತು, ಮರುವರ್ಷ ಬ್ಯಾಂಡ್‌ಲ್ಯಾಬ್ ಕಂಪನಿ ತೆಗೆದುಕೊಂಡಿದ್ದರಿಂದ ಉಳಿಯಿತು. ಟ್ರ್ಯಾಕರ್ ಫೈಲ್ ಉಳಿದಿದ್ದು ಅದು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೊರಟಿದ್ದಕ್ಕೆ.

ಹ್ಯಾಂಬರ್ಗ್ ಕನ್ನಡಿಗ:
ಹಾಗಾದರೆ ನಿಮ್ಮ ಹುಡುಗರಿಗೆ ಇದನ್ನೇ ಹೇಳಿ. ಹಾಡು ಮುಗಿದ ದಿನವೇ ಪ್ರತಿ ವಾದ್ಯವನ್ನೂ ಬೇರೆಬೇರೆ ವೇವ್ ಫೈಲ್ ಮಾಡಿ ಇಟ್ಟುಕೊಳ್ಳಲಿ. ವೇವ್ ಎಲ್ಲಿ ಬೇಕಾದರೂ ತೆರೆಯುತ್ತದೆ.

ರಿದಂ ಪ್ಯಾಡ್:
ನಾಳೆ ಕ್ಲಾಸಿನಲ್ಲಿ ಮೊದಲು ಅದೇ.

ವೀಣೆ ತಂತಿ:
ಹಳೇ ಫ್ಲಾಪಿ ಅವರೇ, ನೀವು ಕಳಿಸಿದ ತೋಡಿ ಫೈಲನ್ನು ಶಿಷ್ಯನ ಕೈಲಿ ತೆರೆಸಿ ಕೇಳಿದೆ. ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ಹುಡುಗ ಅಂಕಿಗಳಲ್ಲಿ ಇಷ್ಟು ದೂರ ಬಂದಿದ್ದ ಅಂದರೆ ನಂಬೋಕೆ ಆಗಲಿಲ್ಲ. ಆದರೆ ಎರಡನೇ ಆವರ್ತದಲ್ಲಿ ಗಾಂಧಾರದಿಂದ ರಿಷಭಕ್ಕೆ ಇಳಿಯುವಾಗ ಅವಸರ ಆಗಿದೆ. ಪರದೆ ನೋಡಿದರೆ ಅಲ್ಲಿ ಎರಡೇ ಸಾಲು ಇದೆ. ನಾಲ್ಕು ಬೇಕು. ಮೂರನೆಯದರಲ್ಲಿ ಸ್ವಲ್ಪ ತಡೆಯಿರಿ, ಆಮೇಲೆ ಬಿಡಿ.

ಹಳೇ ಫ್ಲಾಪಿ:
ಕಾಣಿಸಿತು ಅಮ್ಮ, 22ನೇ ಸಾಲು. ರಾತ್ರಿ ತಿದ್ದಿ ಕಳಿಸುತ್ತೇನೆ.