ಸಹಾಯ ಬೇಕು: ಚಿಪ್ ಪ್ಯಾಕೇಜ್ ಮಾಡೆಲ್‌ನ ರೆಫರೆನ್ಸ್ ಟರ್ಮಿನಲ್ ಎಲ್ಲಿಗೆ ಜೋಡಿಸಲಿ?

ಐಬಿಸ್ ಬಫರ್ (ಚಿಪ್‌ನ ಇನ್‌ಪುಟ್/ಔಟ್‌ಪುಟ್ ಸರ್ಕ್ಯೂಟಿನ ಮಾಡೆಲ್) ಜೊತೆ ಪ್ಯಾಕೇಜಿನ 4 ಪೋರ್ಟ್ ಟಚ್‌ಸ್ಟೋನ್ ಫೈಲ್ (ಎಸ್-ಪ್ಯಾರಾಮೀಟರ್, ಅಂದರೆ ಪೋರ್ಟುಗಳ ನಡುವೆ ಸಿಗ್ನಲ್ ಎಷ್ಟು ದಾಟುತ್ತದೆ, ಎಷ್ಟು ಮರಳುತ್ತದೆ ಎಂಬ ಲೆಕ್ಕ ಇರುವ ಫೈಲ್) ಸೇರಿಸಿ ಸಿಮ್ಯುಲೇಟ್ ಮಾಡ್ತಿದ್ದೇನೆ. 4 ಪೋರ್ಟಿಗೆ 5 ಟರ್ಮಿನಲ್, ಐದನೆಯದು ಎಲ್ಲಕ್ಕೂ ರೆಫರೆನ್ಸ್. ಅದನ್ನು ನೋಡ್ 0ಗೆ (ಸಿಮ್ಯುಲೇಟರಿನ ಆದರ್ಶ ಗ್ರೌಂಡ್) ಕಟ್ಟಿದರೆ ಎಲ್ಲವೂ ಸರಾಗ, ಆದರೆ ನನಗೆ ನೋಡಬೇಕಿರುವುದೇ ಗ್ರೌಂಡ್ ಬೌನ್ಸ್ (ಸ್ವಿಚ್ ಆಗುವಾಗ ಚಿಪ್‌ನ ಗ್ರೌಂಡ್ ವೋಲ್ಟೇಜ್ ಏರಿಳಿಯುವುದು)! ಡೈ (ಪ್ಯಾಕೇಜಿನೊಳಗಿನ ಸಿಲಿಕಾನ್ ತುಂಡು) ಕಡೆಯ ವಿಎಸ್‌ಎಸ್‌ಗೆ, ಅಂದರೆ ಅದರ ಗ್ರೌಂಡಿಗೆ, ಕಟ್ಟಿದರೆ ಬೋರ್ಡ್ ಕಡೆಯ ಪೋರ್ಟುಗಳೂ ಅದನ್ನೇ ಹಿಡಿದುಕೊಳ್ಳುತ್ತವೆ. ಎರಡು ಗ್ರೌಂಡುಗಳ ನಡುವಿನ ಇಂಡಕ್ಟೆನ್ಸ್ ಮಾಯ.

ಎಸ್-ಪ್ಯಾರಾಮೀಟರ್ ತೆಗೆದಾಗ ಪ್ರತಿ ಪೋರ್ಟಿಗೂ ಅದರದೇ ಸ್ಥಳೀಯ ರೆಫರೆನ್ಸ್ ಇತ್ತು. ಆ ರೆಫರೆನ್ಸ್‌ಗಳ ನಡುವಿನ ವೋಲ್ಟೇಜ್ ಬಗ್ಗೆ ಫೈಲ್ ಏನೂ ಹೇಳುವುದಿಲ್ಲ, ಅಲ್ಲವೇ? ಹಾಗಾದರೆ ವಿಎಸ್‌ಎಸ್ ಅನ್ನೂ ಪೋರ್ಟ್ ಮಾಡಿ, ಎಲ್ಲಕ್ಕೂ ಒಂದೇ ರೆಫರೆನ್ಸ್ ಇಟ್ಟು ಮಾಡೆಲ್ ಮತ್ತೆ ತೆಗೆಯಬೇಕಾ? ಇಲ್ಲಾ, ಕರೆಂಟಿನ ರಿಟರ್ನ್ ದಾರಿಯನ್ನೂ ಬಿಡಿಸಿ ತೋರಿಸುವ ಆರ್‌ಎಲ್‌ಸಿ (ರೆಸಿಸ್ಟರ್, ಇಂಡಕ್ಟರ್, ಕೆಪಾಸಿಟರ್) ಸಬ್‌ಸರ್ಕ್ಯೂಟೇ ವಾಸಿಯಾ? ನನ್ನ ಒಲವು ಎರಡನೆಯದರ ಕಡೆಗೇ. ಮಾಡಿದವರಿದ್ದರೆ ನೆಟ್‌ಲಿಸ್ಟ್ (ಸರ್ಕ್ಯೂಟ್ ಜೋಡಣೆಯ ಪಠ್ಯ) ತುಣುಕು ಹಾಕಿ, ಉಪಕಾರ.